ಐದಡಿಯವರ ಸೈಕಲ್ಲು

ಐದು ತಿಂಗಳ ಹಿಂದೆ ಈ ಅಂಕಣಕ್ಕೆ ಬಂದ ಒಂದು ಕಾಗದಕ್ಕೆ ಕಳೆದ ಸಂಚಿಕೆಯಲ್ಲಿ ಉತ್ತರ ಬರೆಯಲಾಗಲಿಲ್ಲ. ಕುಳಿತಲ್ಲಿಂದಲೇ ಬರೆದುಬಿಡುವ ಉತ್ತರ ಅದಾಗಿರಲಿಲ್ಲ. ಟೇಪು ಹಿಡಿದು ಅಳೆದು ನೋಡಬೇಕಾಗಿತ್ತು. ನಾಲ್ಕು ಅಂಗಡಿ ಅಲೆಯಬೇಕಾಗಿತ್ತು. ಬರೆದವರು ನಮ್ಮ ಸಂಘದ ಸದಸ್ಯೆ, ಧಾರವಾಡದ ಕಡೆಯವರು. ಪುಣೆಗೆ ಬಂದು ಹನ್ನೆರಡು ವರ್ಷವಾದರೂ ಕಾಗದದಲ್ಲಿ ಊರಿನ ಮಾತು ಹಾಗೆಯೇ ಉಳಿದಿದೆ. ಅವರ ಅಪ್ಪಣೆ ಪಡೆದೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ:

“ಅಕ್ಕಾರ, ನನ್ನ ಎತ್ತರ ಸರಿಯಾಗಿ ಐದಡಿ. ಸ್ವಂತ ಉಳಿಸಿದ ರೊಕ್ಕದಾಗ ಒಂದು ರೋಡ್ ಬೈಕ್ ಕೊಂಡೆ. ಒಂದು ತಾಸು ಹೊಡದ್ರ ಕುತ್ತಿಗಿ ಹಿಡೀತದ, ಅಂಗೈ ಜೋಮು ಹಿಡೀತಾವ. ಸಾವಕಾಶ ತಿರುಗುವಾಗ ಬೂಟಿನ ತುದಿ ಮುಂದಿನ ಗಾಲಿಗೆ ತಗಲಿ ಒಮ್ಮೆ ಬಿದ್ದೆ. ಅಂಗಡಿಯವ್ರನ್ನ ಕೇಳಿದ್ರ ‘ರೂಢಿ ಆಗ್ತದ’ ಅಂತಾರ. ಮನಿಯಾಗ ‘ಈ ವಯಸ್ಸಿನಾಗ ಇದೆಲ್ಲಾ ಯಾಕ ಬೇಕಿತ್ತು’ ಅಂತಾರ. ನನ್ನ ಮೈನ ಸೈಕಲ್ಲಿಗೆ ತಕ್ಕದ್ದಲ್ಲ ಅನಸ್ತದ. ಮಾರಿಬಿಡ್ಲೇನ್ರಿ?”

ರೋಡ್ ಬೈಕೆಂದರೆ ಏನೆಂದು ಕೇಳುವ ಹಿರಿಯರಿಗಾಗಿ ಒಂದು ಮಾತು. ಟಗರಿನ ಕೊಂಬಿನಂತೆ ಮುಂದಕ್ಕೆ ಬಾಗಿ ಕೆಳಗೆ ಸುತ್ತಿದ ಹ್ಯಾಂಡಲ್ಲು, ಸಪೂರವಾದ ಟೈರು, ಒಂದೇ ಕೈಯಿಂದ ಎತ್ತಬಹುದಾದ ಹಗುರ ಮೈ, ಹಲವು ಗೇರು: ಇದೇ ರೋಡ್ ಬೈಕು. ಭಾನುವಾರ ಬೆಳಗಿನ ಜಾವ ಖಡಕವಾಸಲಾ ಕಡೆಗೂ ಸಿಂಹಗಡದ ಬುಡಕ್ಕೂ ಸಾಲುಸಾಲಾಗಿ ಹೋಗುವ ಸೈಕಲ್ಲುಗಳನ್ನು ನೀವು ನೋಡಿಯೇ ಇದ್ದೀರಿ. ಅದರ ಮೇಲೆ ಕೂತವರು ನೆಟ್ಟಗೆ ಕೂರುವುದಿಲ್ಲ. ಮುಂದಕ್ಕೆ ಬಗ್ಗಿ, ಮೈಭಾರವನ್ನು ಸೀಟು, ಪೆಡಲು, ಹ್ಯಾಂಡಲ್ಲು ಈ ಮೂರಕ್ಕೂ ಹಂಚಿ ಕೂರುತ್ತಾರೆ. ಆದುದರಿಂದ ಅಂಗಡಿ ಬೀದಿಗೆ ಹೋಗಿಬರುವ ಸೈಕಲ್ಲಿನಲ್ಲಿ ಎರಡಂಗುಲ ಹೆಚ್ಚುಕಡಿಮೆಯಾದರೆ ನಡೆದೀತು; ಇದರಲ್ಲಿ ನಡೆಯುವುದಿಲ್ಲ. ಎರಡು ಸೆಂಟಿಮೀಟರು ಉದ್ದವಾದರೂ ಅದು ಕುತ್ತಿಗೆಯಲ್ಲಿಯೋ ಅಂಗೈಯಲ್ಲಿಯೋ ಲೆಕ್ಕ ಕೇಳುತ್ತದೆ.

ಮೊದಲು “ಗಿಡ್ಡ” ಎಂಬ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಳತೆಗಳಂತೆ ನಮ್ಮ ದೇಶದ ವಯಸ್ಕ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರು. ಐದಡಿಯೆಂದರೆ 152.4. ಎಂದರೆ ಈ ಸೋದರಿ ಗಿಡ್ಡರೇ ಅಲ್ಲ. ಭಾರತದ ಹೆಂಗಸರನ್ನೆಲ್ಲ ಎತ್ತರದಂತೆ ಸಾಲಾಗಿ ನಿಲ್ಲಿಸಿದರೆ ಇವರು ನಿಲ್ಲುವುದು ಸಾಲಿನ ನಟ್ಟನಡುವೆ. ಹಾಗಿದ್ದೂ ಇವರಿಗೆ ಒಪ್ಪುವ ರೋಡ್ ಬೈಕು ಅಂಗಡಿಯ ಪಟ್ಟಿಯಲ್ಲಿ ಕಟ್ಟಕಡೆಯ ಸಾಲಿನಲ್ಲಿರುತ್ತದೆ. ಅನೇಕ ವೇಳೆ ಅಂಗಡಿಯಲ್ಲಿ ಇರುವುದೇ ಇಲ್ಲ. ನಡುವಿನವರನ್ನು ಕೊನೆಯವರೆಂದು ಎಣಿಸಿದರೆ ಕೊರತೆ ಎಣಿಕೆಯದೇ ಹೊರತು ಮೈಯದಲ್ಲ. ಇದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಸಂಕೋಚ ಹೋಗುತ್ತದೆ. ಉಳಿದರ್ಧಕ್ಕೆ ಟೇಪು ಬೇಕು.

ವಿನೋದವೆಂದರೆ, ಸೈಕಲ್ಲಿನ ಬಾಲ್ಯದಲ್ಲಿ ಯಂತ್ರವೇ ಮೈಯ ಅಳತೆಗೆ ಬರುತ್ತಿತ್ತು. 1870ರ ದಶಕದ ಎತ್ತರದ ಮುಂಗಾಲಿಯ ಸೈಕಲ್ಲಿನ ಚಿತ್ರವನ್ನು ನೀವು ನೋಡಿರಬಹುದು. ಅದರ ಪೆಡಲು ಮುಂದಿನ ಗಾಲಿಗೇ ನೇರವಾಗಿ ಜೋಡಣೆ. ಕಾಲೆಷ್ಟು ಉದ್ದವೋ ಅಷ್ಟು ದೊಡ್ಡ ಗಾಲಿಯನ್ನು ಆರಿಸಿಕೊಳ್ಳಬೇಕು. ಗಿಡ್ಡ ಕಾಲಿನವರಿಗೆ ಚಿಕ್ಕ ಗಾಲಿ, ಉದ್ದ ಕಾಲಿನವರಿಗೆ ದೊಡ್ಡದು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಗಾಲಿಗೆ ಚೈನು ಜೋಡಿಸಿದ ರೋವರ್ ಸೈಕಲ್ಲನ್ನು ತಂದ ಮೇಲೆ ಗಾಲಿಗೂ ಕಾಲಿಗೂ ಇದ್ದ ಆ ಕಟ್ಟು ಹರಿಯಿತು. ಅದರಿಂದ ಲೋಕಕ್ಕೆ ಆದ ಉಪಕಾರ ದೊಡ್ಡದೇ. ಆದರೆ ಕಾಲಕ್ರಮದಲ್ಲಿ ಗಾಲಿಯ ಅಳತೆ ಒಂದೇ ಆಗಿ ನಿಂತುಬಿಟ್ಟಿತು. ಇಂದು ರೋಡ್ ಬೈಕಿನ ಸಾಮಾನ್ಯ ಗಾಲಿಗೆ 700 ಸಿ ಎಂದು ಹೆಸರು. ಟೈರು ಕೂರುವ ಅಂಚಿನ ವ್ಯಾಸ 622 ಮಿಲಿಮೀಟರು. ಆರಡಿಯವನಿಗೂ ಅದೇ, ಐದಡಿಯವಳಿಗೂ ಅದೇ.

ನಮ್ಮ ಕಡೆಯ “ಲೇಡೀಸ್ ಸೈಕಲ್ಲು” ಈ ತೊಂದರೆಯನ್ನು ಕಳೆಯಿತೆಂದು ಹೇಳುವಂತಿಲ್ಲ. ಅದರಲ್ಲಿ ಮೇಲಿನ ಬಾರನ್ನು ತಗ್ಗಿಸಿದ್ದು ಸೀರೆ ಲಂಗಗಳಿಗಾಗಿ. ತೋಳಿನ ಉದ್ದ, ಅಂಗೈಯ ಅಗಲಗಳನ್ನು ಕೇಳಿದವರಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಸೈಕಲ್ಲು ಕಲಿತದ್ದು ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಅಕ್ಷರ ಚಳವಳಿಯ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ಲೇಡೀಸ್ ಸೈಕಲ್ಲು ಸಾಕಷ್ಟು ಸಿಗದೆ ಗಂಡಸರ ಸೈಕಲ್ಲಿನ ಮೇಲೆಯೇ ಹೊರಟರು. ಬಾರಿನ ಮೇಲೆ ಮಗುವನ್ನು ಕೂರಿಸಬಹುದೆಂದು ಅದನ್ನೇ ಮೆಚ್ಚಿದವರೂ ಉಂಟೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಆ ತಾಯಂದಿರ ದಿಟ್ಟತನಕ್ಕೆ ನಮಸ್ಕಾರ. ಆದರೆ ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡವರ ದಿಟ್ಟತನವನ್ನು ತೋರಿಸಿ, ರೊಕ್ಕ ಕೊಟ್ಟು ಕೊಳ್ಳುವವರಿಗೂ “ಹೊಂದಿಸಿಕೊಳ್ಳಿ” ಎನ್ನುವುದು ನ್ಯಾಯವಲ್ಲ.

ಅಮೆರಿಕದಲ್ಲಿ ಜಾರ್ಜಿನಾ ಟೆರ್ರಿ ಎಂಬ ಯಂತ್ರಶಾಸ್ತ್ರದ ಇಂಜಿನಿಯರು 1985ರಲ್ಲಿ ತಮ್ಮದೇ ಕಂಪನಿ ಕಟ್ಟಿ, ಸಣ್ಣ ಮೈಕಟ್ಟಿನ ಹೆಂಗಸರಿಗಾಗಿ ಸೈಕಲ್ಲು ಮಾಡತೊಡಗಿದರು. ಹಿಂದಿನ ಗಾಲಿ ಎಂದಿನದು, ಮುಂದಿನದು ಮಾತ್ರ 24 ಇಂಚಿನ ಚಿಕ್ಕ ಗಾಲಿ. ನೋಡಿದವರಿಗೆ ವಿಚಿತ್ರವೆನಿಸಿತು. ಆದರೆ ಅದರಲ್ಲಿ ಅರ್ಥವಿತ್ತು. ಆ ಅರ್ಥ ತಿಳಿದರೆ ನಮ್ಮ ಸೋದರಿಯ ತೊಂದರೆಯ ಬೇರೂ ತಿಳಿಯುತ್ತದೆ.

ಚೌಕಟ್ಟನ್ನು ಚಿಕ್ಕದು ಮಾಡಿ ಗಾಲಿಯನ್ನು ಹಾಗೆಯೇ ಬಿಟ್ಟರೆ ಮುಂದಿನ ಗಾಲಿ ಪಾದದ ಹತ್ತಿರಕ್ಕೆ ಬರುತ್ತದೆ. ಹ್ಯಾಂಡಲ್ಲು ತಿರುಗಿಸಿದಾಗ ಮುಂದಿರುವ ಪಾದದ ತುದಿ ಗಾಲಿಗೆ ತಾಗುತ್ತದೆ. ವೇಗವಾಗಿ ಹೋಗುವಾಗ ಹ್ಯಾಂಡಲ್ಲು ಅಷ್ಟು ತಿರುಗುವುದಿಲ್ಲ. ಸಾವಕಾಶವಾಗಿ ತಿರುಗುವಾಗಲೇ ಅಪಾಯ. ಇದನ್ನು ತಪ್ಪಿಸಲು ತಯಾರಕರು ಮುಂದಿನ ಗಾಲಿಯನ್ನು ಮುಂದಕ್ಕೆ ತಳ್ಳುತ್ತಾರೆ. ಅದರ ಜೊತೆಗೆ ಸೀಟಿನ ಕಂಬವನ್ನು ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ. ಆಗ ಮೇಲಿನ ಬಾರಿನ ಉದ್ದ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಆದರೆ ಸವಾರಳ ಸೊಂಟ ಪೆಡಲಿಗೆ ತಕ್ಕಷ್ಟು ಹಿಂದೆ ಇರಲೇಬೇಕಲ್ಲ! ಸೀಟನ್ನು ಹಿಂದಕ್ಕೆ ಸರಿಸುತ್ತಾಳೆ. ಕಾಗದದಲ್ಲಿ ಉಳಿತಾಯವಾದದ್ದು ರಸ್ತೆಯಲ್ಲಿ ಖರ್ಚಾಗಿಹೋಗುತ್ತದೆ.

ಆದುದರಿಂದ “ಸ್ಮಾಲ್”, “ಎಕ್ಸ್‌ಟ್ರಾ ಸ್ಮಾಲ್” ಎಂಬ ಚೀಟಿಯನ್ನಾಗಲಿ, 48, 50 ಎಂಬ ಸಂಖ್ಯೆಯನ್ನಾಗಲಿ ನಂಬಿ ಕೊಳ್ಳಬೇಡಿ. ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಂ ಆಗಿರಬಹುದು. ಕಂಪನಿಯ ಅಳತೆಪಟ್ಟಿಯಲ್ಲಿ ಎರಡು ಅಂಕಿಗಳನ್ನು ಹುಡುಕಿ. ಪೆಡಲಿನ ನಡುದಂಡದಿಂದ ಚೌಕಟ್ಟಿನ ಮುಂಭಾಗದ ತುದಿ ನೇರವಾಗಿ ಎಷ್ಟು ಮೇಲಿದೆ ಎಂಬುದು ಒಂದು, ಅದು ಸ್ಟ್ಯಾಕ್. ಅಲ್ಲಿಂದಲೇ ಅಡ್ಡಲಾಗಿ ಎಷ್ಟು ಮುಂದಿದೆ ಎಂಬುದು ಇನ್ನೊಂದು; ಅದು ರೀಚ್. ಸೀಟಿನ ಕಂಬ ಹೇಗೇ ನಿಂತಿರಲಿ, ಈ ಎರಡು ಅಂಕಿಗಳನ್ನು ಮರೆಮಾಚುವಂತಿಲ್ಲ. ಐದಡಿಯವರಿಗೆಂದು ಮಾಡಿದ ಚೌಕಟ್ಟುಗಳಲ್ಲಿ ರೀಚ್ ಸಾಮಾನ್ಯವಾಗಿ 350ರಿಂದ 370 ಮಿಲಿಮೀಟರು. ಆರಡಿಯ ಹತ್ತಿರದವರ ಚೌಕಟ್ಟಿನಲ್ಲಿ ಸುಮಾರು 390. ಮೈಯ ಎತ್ತರದಲ್ಲಿ ಒಂದಡಿ ವ್ಯತ್ಯಾಸವಿದ್ದರೂ ಚೌಕಟ್ಟಿನಲ್ಲಿ ಕಾಣುವುದು ಎರಡು ಮೂರು ಬೆರಳಿನ ವ್ಯತ್ಯಾಸ! ಚಿಕ್ಕ ಮೈಯವರ ಕೈ ಹ್ಯಾಂಡಲ್ಲಿಗೆ ಏಕೆ ನಿಲುಕುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಂಗಸರಿಗೆಂದು ಹೆಸರಿಟ್ಟ ಸೈಕಲ್ಲಾದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೆಂಗಸರಿಗೆ ಕಾಲು ಉದ್ದ, ಮುಂಡ ಗಿಡ್ಡ ಎಂಬ ಮಾತು ಬಹಳ ದಿನದಿಂದ ಬಳಕೆಯಲ್ಲಿದೆ. ಒಂದೇ ಎತ್ತರದ ಹೆಣ್ಣು ಗಂಡುಗಳಲ್ಲಿ ಈ ವ್ಯತ್ಯಾಸ ಸರಾಸರಿಯಲ್ಲಿ ಅಲ್ಪವೇ. ಒಬ್ಬ ಹೆಂಗಸಿಗೂ ಇನ್ನೊಬ್ಬ ಹೆಂಗಸಿಗೂ ಇರುವ ವ್ಯತ್ಯಾಸ ಅದಕ್ಕಿಂತ ಹೆಚ್ಚು. ರವಿಕೆಯ ಬಟ್ಟೆಯ ಮೇಲೆ “ಹೆಂಗಸರಿಗೆ” ಎಂದು ಬರೆದಿದೆಯೆಂದು ಅಳತೆ ಕೊಡದೆ ಹೊಲಿಸುತ್ತೇವೆಯೆ? ಹೆಸರು ಏನೇ ಇರಲಿ, ಅಂಕಿ ನೋಡಿ.

ಇನ್ನು ಅಳೆಯುವ ಕ್ರಮ. ಮನೆಯಲ್ಲಿಯೇ ಆಗುವ ಕೆಲಸ, ಜೊತೆಗೊಬ್ಬರಿದ್ದರೆ ಸಾಕು.

ಮೊದಲನೆಯದು, ಒಳಗಾಲಿನ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ಕಾಲುಗಳ ನಡುವೆ, ಸೀಟು ಒತ್ತುವಷ್ಟು ಮೇಲಕ್ಕೆ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟೆಂದು ಅಳೆಯಿರಿ. ಸೈಕಲ್ಲಿನ ಬಾರಿನ ಮೇಲೆ ಕಾಲು ಅಗಲಿಸಿ ನಿಂತಾಗ ಬಾರಿಗೂ ನಿಮಗೂ ಎರಡೂವರೆ ಸೆಂಟಿಮೀಟರಾದರೂ ಎಡೆ ಉಳಿಯಬೇಕು. ಇಷ್ಟು ಎಡೆ ಇಲ್ಲದ ಸೈಕಲ್ಲನ್ನು ಮುಂದೆ ಅಳೆಯುವುದೇ ಬೇಡ; ಬಿಟ್ಟುಬಿಡಿ.

ಎರಡನೆಯದು, ಸೀಟಿನ ಎತ್ತರ. ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ನಡುದಂಡದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಸುಮಾರಾಗಿ ಸಿಗುತ್ತದೆ. ಒಳಗಾಲು 70 ಸೆಂಟಿಮೀಟರಾದರೆ ಸೀಟು 61.8. ಲೆಕ್ಕ ಬೇಡವೆನ್ನುವವರು ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ತೀರ ಕೆಳಗಿನ ಪೆಡಲಿನ ಮೇಲಿಡಲಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ನಿಂತಾಗ ಎರಡೂ ಪಾದ ನೆಲಕ್ಕೆ ಊರಲೆಂದು ಸೀಟನ್ನು ತಗ್ಗಿಸುವವರುಂಟು. ಅದು ಮೊಣಕಾಲಿಗೆ ದಂಡ. ನಿಲ್ಲಬೇಕಾದಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದೇ ಕ್ರಮ.

ಮೂರನೆಯದು, ಹ್ಯಾಂಡಲ್ಲಿನ ದೂರ. ಸೀಟನ್ನು ಪೆಡಲಿಗೆ ತಕ್ಕಂತೆ ನಿಲ್ಲಿಸಿದ ಮೇಲೆಯೇ ಇದನ್ನು ನೋಡಬೇಕು. ಬ್ರೇಕಿನ ಮೇಲೆ ಅಂಗೈ ಇಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಹೆಗಲು ಕಿವಿಯ ಹತ್ತಿರಕ್ಕೆ ಏರಿರಬಾರದು. ಹ್ಯಾಂಡಲ್ಲು ದೂರವೆಂದು ಸೀಟನ್ನೇ ಮುಂದಕ್ಕೆ ತಳ್ಳುವ ಅಂಗಡಿಯವರಿದ್ದಾರೆ. ಕೈಯ ಸಾಲವನ್ನು ಮೊಣಕಾಲಿನ ಮೇಲೆ ಹೊರಿಸಿದಂತೆ ಅದು. ಬೇಕಾದರೆ ಹ್ಯಾಂಡಲ್ಲನ್ನು ಚೌಕಟ್ಟಿಗೆ ಸೇರಿಸುವ ಸ್ಟೆಮ್ ಎಂಬ ಚಿಕ್ಕ ತೋಳನ್ನು 100 ಮಿಲಿಮೀಟರಿನಿಂದ 80ಕ್ಕೆ ಇಳಿಸಬಹುದು. ತೀರ ಗಿಡ್ಡ ಮಾಡಿದರೆ ಹ್ಯಾಂಡಲ್ಲು ಚಂಚಲವಾಗುತ್ತದೆ.

ನಾಲ್ಕನೆಯದು, ಹ್ಯಾಂಡಲ್ಲಿನ ಅಗಲ ಮತ್ತು ಬ್ರೇಕು. ಹ್ಯಾಂಡಲ್ಲು ಹೆಗಲಿನಷ್ಟು ಅಗಲವಿದ್ದರೆ ಸಾಕು. 42 ಸೆಂಟಿಮೀಟರಿನದು ಅನೇಕ ಸೈಕಲ್ಲುಗಳಲ್ಲಿ ಬರುತ್ತದೆ. ಸಣ್ಣ ಹೆಗಲಿನವರಿಗೆ 36 ಅಥವಾ 38 ಸರಿ. ಇಲ್ಲಿಯೂ ನಮ್ಮವರ ಪಾಡು ನೋಡಿ. 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ರಸ್ತೆ ಸ್ಪರ್ಧೆಗಳಲ್ಲಿ ಹ್ಯಾಂಡಲ್ಲಿನ ಹೊರ ಅಗಲ 40 ಸೆಂಟಿಮೀಟರಿಗೆ ಕಡಿಮೆ ಇರಕೂಡದೆಂದು ಪ್ರಕಟಿಸಿದಾಗ, ಚಿಕ್ಕ ಮೈಕಟ್ಟಿನ ಸ್ಪರ್ಧಿಗಳ ಕಡೆಯಿಂದ ಆಕ್ಷೇಪ ಬಂತು. ಸ್ಪರ್ಧೆಗೆ ಹೋಗದ ನಮಗೆ ಆ ನಿಯಮದ ಹಂಗಿಲ್ಲ. ಬ್ರೇಕಿನ ಹಿಡಿಯನ್ನು ಮಾತ್ರ ಅಲಕ್ಷಿಸಬೇಡಿ. ಬೆರಳು ತುದಿಯಿಂದ ತಡಕಾಡುವಂತಿದ್ದರೆ ಘಾಟಿನ ಇಳಿಜಾರಿನಲ್ಲಿ ಅದು ಪ್ರಾಣದ ಪ್ರಶ್ನೆ. ಅನೇಕ ಹಿಡಿಗಳೊಳಗೆ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಬೆರಳಿನ ಹತ್ತಿರಕ್ಕೆ ಬರುತ್ತದೆ. ಖರ್ಚಿಲ್ಲದ ಕೆಲಸ. ಕೇಳಿ ಮಾಡಿಸಿಕೊಳ್ಳಿ.

ಐದನೆಯದು, ಕ್ರ್ಯಾಂಕು, ಎಂದರೆ ಪೆಡಲು ಹಿಡಿದಿರುವ ತೋಳು. 170 ಮಿಲಿಮೀಟರಿನ ಕ್ರ್ಯಾಂಕು 70 ಸೆಂಟಿಮೀಟರಿನ ಒಳಗಾಲಿಗೆ ಸುಮಾರು ನಾಲ್ಕನೆಯ ಒಂದು ಪಾಲಾಯಿತು. 86 ಸೆಂಟಿಮೀಟರಿನ ಕಾಲಿನ ಗಂಡಸಿಗೆ 175 ಕೊಟ್ಟರೂ ಐದನೆಯ ಒಂದು ಪಾಲು ಮಾತ್ರ. ಮೊಣಕಾಲು ಎದೆಗೆ ಬಂದು ಬಡಿಯುವಂತಾಗುವುದು ಇದರಿಂದ. ಕ್ರ್ಯಾಂಕನ್ನು 10 ಮಿಲಿಮೀಟರು ಕಡಿಮೆ ಮಾಡಿ ಸೀಟನ್ನು ಅಷ್ಟೇ ಏರಿಸಿದರೆ, ಪೆಡಲು ಮೇಲಿದ್ದಾಗ ಮೊಣಕಾಲಿಗೆ 20 ಮಿಲಿಮೀಟರು ಬಿಡುವು ಸಿಗುತ್ತದೆ. ಬಲ ಕುಗ್ಗೀತೆಂಬ ಭಯ ಬೇಡ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 120ರಿಂದ 220 ಮಿಲಿಮೀಟರಿನವರೆಗೆ ಐದು ಬಗೆಯ ಕ್ರ್ಯಾಂಕುಗಳನ್ನು ತುಳಿಸಿ ನೋಡಿದಾಗ, ಗರಿಷ್ಠ ಬಲದಲ್ಲಿ ಕಂಡ ಅಂತರ ನೂರಕ್ಕೆ ನಾಲ್ಕರಷ್ಟು ಮಾತ್ರ; 145 ಮತ್ತು 170 ಎರಡೂ ಮುಂದಿದ್ದವು. ಈಗ 160, 165ರ ಕ್ರ್ಯಾಂಕುಗಳು ದೊರೆಯುತ್ತವೆ. ಪಾದ ಗಾಲಿಗೆ ತಾಗುವುದೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಚಿಕ್ಕ ಚೌಕಟ್ಟಿಗೆ 650 ಬಿ ಎಂಬ, 584 ಮಿಲಿಮೀಟರಿನ ಗಾಲಿ ಹಾಕಿ ಮಾಡಿದ ಸೈಕಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಟೈರು ಅಷ್ಟೇ ದಪ್ಪದ್ದಾದರೆ ಪಾದಕ್ಕೆ 19 ಮಿಲಿಮೀಟರು ಎಡೆ ಹೆಚ್ಚು ಸಿಗುತ್ತದೆ. ಟೆರ್ರಿಯವರ ಚಿಕ್ಕ ಮುಂಗಾಲಿಯ ಅರ್ಥವೂ ಇದೇ.

ಈ ಕ್ರಮದಲ್ಲಿಯೇ ಒಂದು ಭಾನುವಾರ ನಮ್ಮ ಸೋದರಿಯ ಸೈಕಲ್ಲನ್ನು ಅಳೆದೆವು. ಅವರ ಒಳಗಾಲು 70 ಸೆಂಟಿಮೀಟರು. ಬಾರಿನ ಎತ್ತರ 74! ಮೊದಲನೆಯ ಪರೀಕ್ಷೆಯಲ್ಲಿಯೇ ಉತ್ತರ ಸಿಕ್ಕಿತು. ಸೀಟನ್ನು ಮುಂದಕ್ಕೆ ತಳ್ಳಿಟ್ಟಿದ್ದರು, ಹ್ಯಾಂಡಲ್ಲು 42, ಕ್ರ್ಯಾಂಕು 170. ಸ್ಟೆಮ್ಮು, ಹ್ಯಾಂಡಲ್ಲು, ಕ್ರ್ಯಾಂಕು ಎಲ್ಲವನ್ನೂ ಬದಲಾಯಿಸಿದ್ದರೂ ಬಾರು ತಗ್ಗುತ್ತಿರಲಿಲ್ಲ. ಬಿಡಿಭಾಗಗಳಿಂದ ತೀರುವ ಕೊರತೆಗೆ ಬಿಡಿಭಾಗ. ಚೌಕಟ್ಟೇ ದೊಡ್ಡದಾದರೆ ಅದಕ್ಕೆ ಹಾಕುವ ರೊಕ್ಕ ನೀರಿನಲ್ಲಿ ಹೋಮ. ಆದುದರಿಂದ ಅವರ ಪ್ರಶ್ನೆಗೆ ನನ್ನ ಉತ್ತರ: “ಈ ಸೈಕಲ್ಲನ್ನು ಮಾರಿರಿ, ಸೈಕಲ್ ಹೊಡೆಯುವುದನ್ನು ಬಿಡಬೇಡಿರಿ.”

ಅದು ನೆರೆಮನೆಯ ಎತ್ತರದ ಹುಡುಗನೊಬ್ಬನ ಪಾಲಾಯಿತು. ಸ್ವಲ್ಪ ನಷ್ಟವಾಯಿತು. ಆಮೇಲೆ ಎರಡು ತಿಂಗಳ ಹುಡುಕಾಟ. ಒಂದು ಅಂಗಡಿಯಲ್ಲಿ, “ತಾಈ, ನಿಮ್ಮ ಸೈಜು ತರಿಸಿಕೊಡುತ್ತೇನೆ, ಆದರೆ ಪೂರ್ತಿ ಹಣ ಮೊದಲು ಕೊಡಿ” ಎಂದರು. ಆರಡಿಯವರು ಬಂದರೆ ಹತ್ತಿಸಿ ಓಡಿಸಿ ತೋರಿಸುತ್ತಾರೆ; ಐದಡಿಯವರು ಮಾತ್ರ ಕಾಣದ ವಸ್ತುವಿಗೆ ಹಣ ಎಣಿಸಬೇಕು! ಸೋದರಿ ಒಪ್ಪಲಿಲ್ಲ. “ಓಡಿಸಿ ನೋಡದ ಕೊಳ್ಳಂಗಿಲ್ಲ” ಎಂದು ಎದ್ದುಬಂದರು. ನಾಲ್ಕನೆಯ ಅಂಗಡಿಯಲ್ಲಿ 44ರ ಚೌಕಟ್ಟು, 165ರ ಕ್ರ್ಯಾಂಕು, 38ರ ಹ್ಯಾಂಡಲ್ಲಿನದು ಸಿಕ್ಕಿತು. ಬ್ರೇಕಿನ ತಿರುಪನ್ನು ಅಲ್ಲಿಯೇ ಸರಿಪಡಿಸಿಕೊಟ್ಟರು. ಗಾಲಿ 700 ಸಿಯೇ. ಪಾದದ ತುದಿ ಈಗಲೂ ಕೂದಲೆಳೆಯಷ್ಟು ತಾಗುವುದುಂಟು. ಸಾವಕಾಶ ತಿರುಗುವಾಗ ಹೊರಗಡೆಯ ಪಾದವನ್ನು ಮುಂದೆ ಬಿಡದೆ ಕೆಳಗಿಡುವ ಅಭ್ಯಾಸ ಮಾಡಿಕೊಂಡಿದ್ದಾರೆ. ಕುತ್ತಿಗೆ ಹಿಡಿಯುವುದಿಲ್ಲ, ಅಂಗೈ ಜೋಮು ಹಿಡಿಯುವುದಿಲ್ಲ. ಕಳೆದ ತಿಂಗಳು ಖಡಕವಾಸಲಾಕ್ಕೆ ಹೋಗಿಬಂದು, ಮನೆಯವರು ಏಳುವ ಹೊತ್ತಿಗೆ ಚಹಾಕ್ಕೆ ನೀರಿಟ್ಟಿದ್ದರಂತೆ.

ಮನೆಯ ಯಜಮಾನರಿಗೆ ಕಡೆಯ ಮಾತು. ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಿಸುವಾಗ “ಹೇಗೂ ಬೆಳೆಯುತ್ತಾಳೆ” ಎಂದು ಒಂದು ಸೈಜು ದೊಡ್ಡದನ್ನು ತರುವ ವಾಡಿಕೆ ನಮ್ಮಲ್ಲಿದೆ. ಲಂಗಕ್ಕಾದರೆ ಅಂಚು ಮಡಚಿ ಹೊಲಿಯಬಹುದು. ಸೈಕಲ್ಲಿನ ಬಾರನ್ನು ಮಡಚಲಾಗದು. ನೆಲ ನಿಲುಕದ, ಬ್ರೇಕು ನಿಲುಕದ ಸೈಕಲ್ಲಿನಿಂದ ನಾಲ್ಕು ಸಲ ಬಿದ್ದ ಹುಡುಗಿ “ನನಗಿದು ಬರುವುದಿಲ್ಲ” ಎಂದು ಬಿಟ್ಟುಬಿಡುತ್ತಾಳೆ. ಆ ಮಾತನ್ನು ಮೂವತ್ತು ವರ್ಷ ನಂಬಿಕೊಂಡಿರುತ್ತಾಳೆ. ಇಂದಿನ ಅಳತೆಗೆ ಕೊಡಿಸಿ. ಅವಳು ಬೆಳೆದ ಮೇಲೆ ಅದು ಸಂಘದ ಇನ್ನೊಂದು ಮನೆಯ ಮಗುವಿಗೆ ಆದೀತು.

ಅಳತೆಯ ಈ ಐದು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ವಾಚನಾಲಯದ ಫಲಕಕ್ಕೆ ಅಂಟಿಸಿದ್ದೇನೆ. ಪಕ್ಕದಲ್ಲಿ ಒಂದು ಟೇಪೂ ತೂಗುಹಾಕಿದೆ. ಅಂಗಡಿಗೆ ಹೊರಡುವ ಮುನ್ನ ಅಳೆದು ಬರೆದುಕೊಂಡು ಹೋಗಿರಿ. ಟೇಪನ್ನು ಮಾತ್ರ ಅಲ್ಲಿಯೇ ಬಿಟ್ಟುಹೋಗಿರಿ.